ಎಲ್ಲಿ ನಿಂತು ತೆಗೆದ ಚಿತ್ರ?

ಕೈಗೆ ಸಿಗುವ ಹಾಗೆ ನೀಲಿ ಬಣ್ಣದ 50 ರೂಪಾಯಿಯ ನೋಟೊಂದಿದ್ದರೆ ಅದನ್ನು ಹೊರಗೆ ತೆಗೆದು ಹಿಂಬದಿ ನೋಡಿ. 2017ರಲ್ಲಿ ಚಲಾವಣೆಗೆ ಬಂದ ಈ ನೋಟಿನ ಮೇಲೆ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ ಇದೆ. ರಥದ ತಲೆ ಮಟ್ಟಸ. ಈ ರೂಪ ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆಯೆಂದರೆ, ವಿಜಯನಗರದ ಶಿಲ್ಪಿ ಅದನ್ನು ಹೀಗೇ ಮುಗಿಸಿ ಉಳಿ ಕೆಳಗಿಟ್ಟ ಎಂದೇ ತಿಳಿದಿದ್ದೇವೆ. ಸಂಗತಿ ಹಾಗಿಲ್ಲ. ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ. ಗುಡಿ ಎಂದ ಮೇಲೆ ಶಿಖರ ಬೇಕಲ್ಲ, ಇಟ್ಟಿಗೆ ಗಾರೆಯ ಶಿಖರವೊಂದು ಅದರ ಮೇಲೆ ಇತ್ತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಅಲ್ಲಿಂದ ಇಳಿಯಿತು. ಶಿಖರ ಹೇಗಿತ್ತು ಎಂದು ಇವತ್ತು ನಾವು ಹೇಳಬಲ್ಲೆವಾದರೆ ಅದಕ್ಕೆ 1856ರಲ್ಲಿ ಹಂಪಿಗೆ ಬಂದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾರಣ. ಮೇಣ ಹಚ್ಚಿದ ದೊಡ್ಡ ಕಾಗದಗಳನ್ನೇ ನೆಗೆಟಿವ್ ಮಾಡಿಕೊಂಡು ಆತ ತೆಗೆದ ಸುಮಾರು 60 ಚಿತ್ರಗಳಲ್ಲಿ ಈ ರಥವೂ ಸೇರಿದೆ, ತಲೆಯ ಮೇಲಿನ ಶಿಖರದ ಸಮೇತ.

ಆ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದು 1980ರಲ್ಲಿ ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ತನ್ನ ಕ್ಯಾಮೆರಾ ಊರಿದ್ದ ಜಾಗಗಳನ್ನು ಒಂದೊಂದಾಗಿ ಹುಡುಕಿ, ಅಲ್ಲೇ ನಿಂತು ಅದೇ ನೋಟವನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ 127 ವರ್ಷಗಳಲ್ಲಿ ಏನು ಬಿತ್ತು, ಏನನ್ನು ಬೀಳಿಸಿದರು, ಯಾವ ಕಂಬಕ್ಕೆ ಆಸರೆ ಬಂತು, ಎಲ್ಲಿ ಗಿಡ ಬೆಳೆಯಿತು ಎಂಬುದೆಲ್ಲ ಓದಲು ಬರುತ್ತದೆ. ನನ್ನ ಇಂದಿನ ಮಾತು ಇದೊಂದರ ಸುತ್ತಲೇ. ಪ್ರಾಚೀನ ಸ್ಥಳಗಳಿಗೆ ಹೋಗಿ ತೆಗೆಯುವ ಫೋಟೋಗೆ ನಾವು ಚೆಂದದ ಅಂಕ ಕೊಡುತ್ತೇವೆ. ಬೆಳಕು ಚೆನ್ನಾಗಿದೆ, ಮೋಡ ಚೆನ್ನಾಗಿದೆ ಎನ್ನುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದು ಎಲ್ಲಿ ನಿಂತು ತೆಗೆದದ್ದು, ಯಾವತ್ತು ತೆಗೆದದ್ದು ಎಂಬ ಎರಡು ಪ್ರಶ್ನೆ. ಅವಕ್ಕೆ ಉತ್ತರ ಇದ್ದರೆ ಸಾಧಾರಣ ಚಿತ್ರವೂ ದಾಖಲೆಯಾಗುತ್ತದೆ. ಇಲ್ಲದಿದ್ದರೆ ಎಂಥ ಸೊಗಸಾದ ಚಿತ್ರವೂ ಕ್ಯಾಲೆಂಡರಿನ ಹಾಳೆಗಿಂತ ಮುಂದೆ ಹೋಗುವುದಿಲ್ಲ.

ಈ ಮಾತನ್ನು ಹೈದರಾಬಾದಿನಲ್ಲಿ ಕುಳಿತು ಆಡುವುದಕ್ಕೆ ಅರ್ಥವಿದೆ. ಭಾರತದ ಹಳೆಯ ಕಟ್ಟಡಗಳನ್ನು ಕ್ಯಾಮೆರಾದಲ್ಲಿ ಹಿಡಿದ ಭಾರತೀಯರಲ್ಲಿ ಎಲ್ಲರಿಗಿಂತ ಹೆಸರಾದ ಲಾಲಾ ದೀನ್ ದಯಾಳ್ ನೆಲೆ ನಿಂತದ್ದು ಈ ನಗರದಲ್ಲಿ. 1844ರಲ್ಲಿ ಸರಧನದಲ್ಲಿ ಹುಟ್ಟಿ, ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಗೆ ಅಂದಾಜುಪಟ್ಟಿ ಮತ್ತು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದವರು ಅವರು. ಕ್ಯಾಮೆರಾ ಕೈಗೆ ಬಂದದ್ದು ಅನಂತರ, 1870ರ ದಶಕದಲ್ಲಿ. ಮಧ್ಯಭಾರತದ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಲೆಪೆಲ್ ಗ್ರಿಫಿನ್ ಜೊತೆಗೆ ತಿರುಗಿ ಗ್ವಾಲಿಯರ್, ಖಜುರಾಹೊ, ಸಾಂಚಿಗಳನ್ನು ತೆಗೆದರು. ಆ ಚಿತ್ರಗಳ ಗ್ರಂಥ 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಹೊತ್ತಿಗಾಗಲೇ ಅವರು ನಿಜಾಮರ ನೆಲಕ್ಕೆ ಬಂದಿದ್ದರು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು, 1894ರಲ್ಲಿ ರಾಜಾ ಎಂಬ ಬಿರುದು ಪಡೆದರು. 1905ರಲ್ಲಿ ತೀರಿಕೊಂಡರು. ಅವರ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. ದೀನ್ ದಯಾಳರ ಬಗ್ಗೆ ಬರೆಯುವವರು ದರ್ಬಾರು, ಬೇಟೆ, ಜರತಾರಿ ಪೋಷಾಕುಗಳ ಚಿತ್ರಗಳಲ್ಲೇ ಮೈಮರೆಯುತ್ತಾರೆ. ನನಗೆ ಅವರ ಮೊದಲ ನೌಕರಿ ಮುಖ್ಯವಾಗಿ ಕಾಣುತ್ತದೆ. ನಕ್ಷೆ ಬರೆಯುವವನ ಕಣ್ಣು ಕಟ್ಟಡವನ್ನು ನೋಡುವಾಗ ಮೊದಲು ಅಳೆಯುತ್ತದೆ, ಆಮೇಲೆ ಮೆಚ್ಚುತ್ತದೆ. ಎರಡು ಗೋಡೆ ಒಟ್ಟಿಗೆ ಕಾಣುವ ಮೂಲೆ ಯಾವುದು, ತಳದಿಂದ ತುದಿಯವರೆಗೆ ಕತ್ತರಿಸದೆ ಹಿಡಿಯಲು ಎಷ್ಟು ಹಿಂದೆ ಸರಿಯಬೇಕು ಎಂಬ ಲೆಕ್ಕ ಅದಕ್ಕೆ ರೂಢಿ. ಅವರ ಗೋಲ್ಕೊಂಡ, ಎಲ್ಲೋರದ ಚಿತ್ರಗಳನ್ನು ನೋಡಿದರೆ ಆ ಲೆಕ್ಕ ಕಾಣುತ್ತದೆ.

ಅಳತೆಯ ಮಾತು ಬಂದದ್ದರಿಂದ ಒಂದು ತಾಂತ್ರಿಕ ವಿಷಯ ಹೇಳಬೇಕು. ಎತ್ತರದ ಕಟ್ಟಡದ ಹತ್ತಿರ ನಿಂತು ಕ್ಯಾಮೆರಾದ ಮೂತಿ ಮೇಲಕ್ಕೆತ್ತಿದರೆ ಕಂಬಗಳು ಒಂದರ ಕಡೆಗೊಂದು ವಾಲಿದಂತೆ, ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಬರುತ್ತದೆ. ಹಳೆಯ ಮರದ ಕ್ಯಾಮೆರಾದಲ್ಲಿ ಪೆಟ್ಟಿಗೆಯನ್ನು ನೆಟ್ಟಗೆ ಇಟ್ಟು ಲೆನ್ಸ್ ಇರುವ ಮುಂದಿನ ಹಲಗೆಯನ್ನಷ್ಟೇ ಮೇಲೆ ಸರಿಸುವ ಅನುಕೂಲವಿತ್ತು. ಕಂಬ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಇದು ಬರಿಯ ಅಚ್ಚುಕಟ್ಟುತನದ ಪ್ರಶ್ನೆಯಲ್ಲ. ಅಥೆನ್ಸಿನ ಪಾರ್ಥೆನಾನ್ ದೇವಾಲಯವನ್ನೇ ನೋಡಿ. ಅದರ ನೆಲಗಟ್ಟು ಸಪಾಟಾಗಿಲ್ಲ, ನಡುವೆ ಉಬ್ಬಿದೆ: ಕಿರಿಯ ಬದಿಗಳಲ್ಲಿ ಸುಮಾರು 6 ಸೆಂಟಿಮೀಟರ್, ಉದ್ದನೆಯ ಬದಿಗಳಲ್ಲಿ ಸುಮಾರು 11. ಕಂಬಗಳು ತುಸುವೇ ಒಳಕ್ಕೆ ಬಾಗಿವೆ. ಫ್ರಾನ್ಸಿಸ್ ಪೆನ್ರೋಸ್ ಎಂಬ ವಾಸ್ತುತಜ್ಞ 1840ರ ದಶಕದಲ್ಲಿ ಇದನ್ನೆಲ್ಲ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆದು 1851ರಲ್ಲಿ ಪ್ರಕಟಿಸಿದ. ಮೂತಿ ಎತ್ತಿ ತೆಗೆದ ಚಿತ್ರದಲ್ಲಿ ಗ್ರೀಕ್ ಶಿಲ್ಪಿ ಬೇಕೆಂದು ಕೊಟ್ಟ ಬಾಗು ಯಾವುದು, ಲೆನ್ಸ್ ತಂದಿಟ್ಟ ಬಾಗು ಯಾವುದು ಎಂದು ಬಿಡಿಸಲು ಸಾಧ್ಯವೇ ಇಲ್ಲ. ಅಥೆನ್ಸ್ ದೂರವಾಯಿತು ಎನ್ನುವವರಿಗೆ ಆಲಂಪುರವಿದೆ. ಹೈದರಾಬಾದಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗುವ ಕನ್ನಡಿಗರೆಲ್ಲ ಕರ್ನೂಲಿಗೆ ಸ್ವಲ್ಪ ಮೊದಲು ಆ ಊರಿನ ತಿರುವನ್ನು ದಾಟಿಯೇ ಹೋಗುತ್ತಾರೆ. ತುಂಗಭದ್ರೆಯ ದಡದಲ್ಲಿ ಬಾದಾಮಿ ಚಾಲುಕ್ಯರು 7 ಮತ್ತು 8ನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇವಾಲಯಗಳು ಅಲ್ಲಿವೆ. ಹೆಸರಿಗೆ ಬ್ರಹ್ಮ, ಒಳಗಿರುವುದು ಶಿವ. ಅವುಗಳಲ್ಲಿ ಹೆಚ್ಚಿನವಕ್ಕೆ ರೇಖಾನಾಗರ ಶಿಖರ. ನೆಟ್ಟಗೆ ಏರುತ್ತ ಏರುತ್ತ ತುದಿಯ ಚಕ್ರದಂಥ ಕಲ್ಲಾದ ಆಮಲಕದ ಹತ್ತಿರ ಮೆಲ್ಲನೆ ಒಳಕ್ಕೆ ಬಾಗುವ ಆ ಗೆರೆಯೇ ಅದರ ಜೀವ. ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು ಮೇಲಕ್ಕೆ ಓರೆ ಮಾಡಿ ತೆಗೆದ ಚಿತ್ರದಲ್ಲಿ ಆ ಗೆರೆ ಮೊದಲು ಸಾಯುತ್ತದೆ. ಆಲಂಪುರದ ಶಿಖರವೂ ಪಟ್ಟದಕಲ್ಲಿನ ಶಿಖರವೂ ಅಕ್ಕತಂಗಿಯರು ಎಂದು ತೋರಿಸಬೇಕಾದ ಚಿತ್ರ ಏನನ್ನೂ ತೋರಿಸದೆ ಹೋಗುತ್ತದೆ.

ನಿಂತ ಜಾಗದಷ್ಟೇ ದಿನವೂ ಮುಖ್ಯ ಎಂದೆ. ಹಳೆಯ ಕಟ್ಟಡ ಕಲ್ಲಾದ್ದರಿಂದ ಅದು ಇದ್ದಲ್ಲೇ ಇರುತ್ತದೆ, ಇವತ್ತು ತೆಗೆದರೇನು ನಾಳೆ ತೆಗೆದರೇನು ಎಂದು ಅನ್ನಿಸುವುದು ಸಹಜ. ಆದರೆ ಪಾರ್ಥೆನಾನಿನ ಮೊತ್ತಮೊದಲ ಫೋಟೋವನ್ನು 1839ರಲ್ಲಿ, ಅಂದರೆ ಡಾಗೆರೊಟೈಪ್ ಎಂಬ ಫೋಟೋ ವಿಧಾನ ಪ್ಯಾರಿಸಿನಲ್ಲಿ ಬಹಿರಂಗವಾದ ವರ್ಷವೇ, ಜೋಲಿ ದ ಲೋಬಿನಿಯೇರ್ ಎಂಬ ಪ್ರವಾಸಿ ತೆಗೆದಾಗ ದೇವಾಲಯದ ಒಡಲಲ್ಲಿ ಒಂದು ಪುಟ್ಟ ಮಸೀದಿ ನಿಂತಿತ್ತು. ತುರ್ಕರ ಕಾಲದ ಆ ಮಸೀದಿಯನ್ನು ಕೆಲವೇ ವರ್ಷಗಳಲ್ಲಿ ಕೆಡವಿದರು. ಅದೇ ಅಕ್ರೊಪೊಲಿಸ್ ಗುಡ್ಡದ ಹೆಬ್ಬಾಗಿಲ ಬಳಿ ಮಧ್ಯಯುಗದ ಎತ್ತರದ ಗೋಪುರವೊಂದಿತ್ತು. ಅದನ್ನು 1870ರ ದಶಕದಲ್ಲಿ ಇಳಿಸಿದರು, ಖರ್ಚು ಕೊಟ್ಟವನು ಟ್ರಾಯ್ ಅಗೆದು ಹೆಸರಾದ ಶ್ಲೀಮನ್. ಮುಂದೆ 1920ರ ದಶಕದಲ್ಲಿ ಬಲಾನೊಸ್ ಎಂಬ ಇಂಜಿನಿಯರ್ ಬಿದ್ದಿದ್ದ ಉತ್ತರದ ಕಂಬಸಾಲನ್ನು ಕಬ್ಬಿಣದ ಕೊಂಡಿ ಹಾಕಿ ಎತ್ತಿ ನಿಲ್ಲಿಸಿದ. ಆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು, ಅದನ್ನು ಸರಿಪಡಿಸುವ ಕೆಲಸಕ್ಕೆ 1975ರಲ್ಲಿ ಒಂದು ಸಮಿತಿಯೇ ಬರಬೇಕಾಯಿತು. ಹಾಗಾದರೆ ಎರಡೂವರೆ ಸಾವಿರ ವರ್ಷ ಹಳೆಯದು ಎಂದು ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ಆ ನೋಟಕ್ಕೆ ವಯಸ್ಸೆಷ್ಟು? ಕಲ್ಲು ಹಳೆಯದು, ನೋಟ ಹೊಸದು. ನಮ್ಮ ಕಲ್ಲಿನ ರಥದ್ದೂ ಅದೇ ಕತೆ. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ತೆರವು ಮಾಡಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆದರೆ ಅದಕ್ಕೆ ಮುಂಚಿನ ಬಜಾರು ಇನ್ನು ನೋಡಲು ಸಿಗುವುದು ಆ ಬೀದಿಯ ಟೀ ಅಂಗಡಿಯನ್ನೂ ಸೈಕಲ್ಲನ್ನೂ ಚೌಕಟ್ಟಿನಿಂದ ಹೊರಗೆ ಹಾಕದೆ ತೆಗೆದವರ ಚಿತ್ರಗಳಲ್ಲಿ ಮಾತ್ರ. ಅಂಗಡಿ ಅಡ್ಡ ಬಂತು ಎಂದು ಬದಿಗೆ ಸರಿದು, ಬರಿಯ ಗೋಪುರವನ್ನು ಹಿಡಿದುಕೊಂಡು ಬಂದವರ ಹತ್ತಿರ ಇವತ್ತೂ ಸಿಗುವ ಗೋಪುರವಿದೆ, ಅಷ್ಟೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಗ್ರೀನ್‌ಲಾನಂಥವರನ್ನು ಇಷ್ಟು ಹೊಗಳುವುದು ಸರಿಯೇ? ಅವರು ಆಳುವವರ ಸೈನ್ಯದವರು. ಅವರ ಚಿತ್ರಗಳಲ್ಲಿ ಊರಿನ ಜನ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದ ಅಳತೆಕೋಲು ಮಾತ್ರ, ಹೆಸರಿಲ್ಲ, ಮುಖವೂ ಸರಿಯಾಗಿ ಕಾಣುವುದಿಲ್ಲ. ಪೂಜೆ ನಡೆಯುವ ಗುಡಿಯೂ ಅವರ ಕಣ್ಣಿಗೆ ಹಾಳುಬಿದ್ದ ಅವಶೇಷ. ಈ ಆಕ್ಷೇಪದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಕನ್ನಡ ನಾಡಿನ ವಾಸ್ತುಶಿಲ್ಪದ ಮೊದಲ ದೊಡ್ಡ ಚಿತ್ರಗ್ರಂಥವನ್ನೇ ನೋಡಿ. 1866ರಲ್ಲಿ ಲಂಡನ್ನಿನಲ್ಲಿ ಬಂದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಆ ಪುಸ್ತಕಕ್ಕೆ ಫೋಟೋ ತೆಗೆದವರು ಪಿಗೊ, ನೀಲ್, ಬಿಗ್ಸ್. ಮೂವರೂ ಬ್ರಿಟಿಷ್ ಅಧಿಕಾರಿಗಳು. ಇತಿಹಾಸದ ಭಾಗ ಬರೆದವರು ನಿಜಾಮರ ಸೇವೆಯಲ್ಲಿದ್ದು ನಮ್ಮ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್. ಜನರೊಡನೆ ಅಷ್ಟು ಬೆರೆತಿದ್ದ ಟೇಲರ್ ಇದ್ದರೂ ಪುಸ್ತಕದ ಕೇಂದ್ರ ಕಲ್ಲೇ. ಇದನ್ನು ಒಪ್ಪಿಕೊಂಡೇ ನಾನು ಹೇಳುವುದು: ಆ ನೋಟದ ಓರೆಕೋರೆಯನ್ನು ಹಿಡಿಯುವ ಉಪಾಯವೂ ನಿಂತ ಜಾಗದಲ್ಲೇ ಇದೆ. ಇಂಥ ಮೂಲೆಯಲ್ಲಿ, ಇಂಥ ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಎಂದು ತಿಳಿದರೆ ಅವನು ಯಾವುದಕ್ಕೆ ಬೆನ್ನು ಹಾಕಿದ್ದ ಎಂದೂ ತಿಳಿಯುತ್ತದೆ. ಬೆನ್ನ ಹಿಂದೆ ಕೇರಿಯಿತ್ತೇ, ಗದ್ದೆಯಿತ್ತೇ, ಜಾತ್ರೆಯ ಬಯಲಿತ್ತೇ ಎಂದು ಕೇಳಲು ಬರುತ್ತದೆ. ಎಲ್ಲಿ ನಿಂತ ಎಂದೇ ತಿಳಿಯದ ಚಿತ್ರದ ಮುಂದೆ ಈ ಪ್ರಶ್ನೆಯೂ ಏಳುವುದಿಲ್ಲ. ಇನ್ನು ಆಳುವವರ ಕಣ್ಣು ಎನ್ನುವುದು ಬಿಳಿಯರಿಗೆ ಮಾತ್ರ ಅಂಟಿದ್ದೂ ಅಲ್ಲ. ಜನ ಅಡ್ಡ ಬರುತ್ತಾರೆಂದು ಬೆಳಗಿನ ಆರು ಗಂಟೆಗೇ ಹೋಗಿ ಖಾಲಿ ಪ್ರಾಕಾರದ ಫೋಟೋ ತೆಗೆಯುವ ಇಂದಿನ ನಮ್ಮವರಿಗೂ ಅದು ಇದೆ.

ಎರಡನೆಯ ಆಕ್ಷೇಪ ಕಲಾವಿದರದು. ಯಂತ್ರ ಎಷ್ಟಾದರೂ ಯಂತ್ರ, ನುರಿತ ಚಿತ್ರಕಾರ ಒಂದು ಕಡೆ ಕುಳಿತು ದಿನಗಟ್ಟಲೆ ನೋಡಿ ಬರೆದದ್ದರ ಮುಂದೆ ಫೋಟೋ ಏನು ಎನ್ನುತ್ತಾರೆ. ಅಜಂತಾ ಇದಕ್ಕೆ ಕೊಡುವ ಉತ್ತರ ಸ್ವಲ್ಪ ಕ್ರೂರವಾಗಿದೆ. ನಿಜಾಮರ ರಾಜ್ಯದಲ್ಲಿದ್ದ ಆ ಗುಹೆಗಳ ಚಿತ್ರಗಳನ್ನು ರಾಬರ್ಟ್ ಗಿಲ್ ಎಂಬ ಮದರಾಸು ಸೈನ್ಯದ ಅಧಿಕಾರಿ 1844ರಿಂದ ಸುಮಾರು ಎರಡು ದಶಕ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಇಟ್ಟಿದ್ದ ಅವುಗಳಲ್ಲಿ ಬಹುಪಾಲು 1866ರ ಬೆಂಕಿಯಲ್ಲಿ ಸುಟ್ಟುಹೋದವು. ಅನಂತರ ಜಾನ್ ಗ್ರಿಫಿತ್ಸ್ ಮುಂಬಯಿಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮತ್ತೆ ಮಾಡಿಸಿದ ನಕಲುಗಳಲ್ಲಿ ಎಷ್ಟೋ 1885ರಲ್ಲಿ ಲಂಡನ್ನಿನ ಇನ್ನೊಂದು ಬೆಂಕಿಗೆ ಆಹುತಿಯಾದವು. ಇದೇ ಗಿಲ್ ಆ ಬೆಂಕಿಗಳಿಗೆ ಮೊದಲೇ ಕ್ಯಾಮೆರಾ ಹಿಡಿದು, ಎರಡು ಕಣ್ಣಿಗೆ ಎರಡು ಚಿತ್ರ ಜೋಡಿಸಿ ಆಳ ತೋರಿಸುವ ಫೋಟೋಗಳನ್ನು ತೆಗೆದಿದ್ದ. 1864ರಲ್ಲಿ ಪುಸ್ತಕವಾಗಿ ಬಂದ ಅವು ಉಳಿದವು, ಯಾಕೆಂದರೆ ಅವುಗಳ ಪ್ರತಿಗಳು ಒಂದೇ ಕಟ್ಟಡದಲ್ಲಿ ಇರಲಿಲ್ಲ. ಫೋಟೋದ ಬಲ ಅದರ ಕಲೆಗಾರಿಕೆಗಿಂತ ಈ ಹರಡುವ ಗುಣದಲ್ಲಿದೆ. ಹೈದರಾಬಾದಿನ ಪುರಾತತ್ತ್ವ ಇಲಾಖೆ 1914ರಲ್ಲಿ ಹುಟ್ಟಿದಾಗ ಅದರ ಮುಖ್ಯಸ್ಥರಾದ ಗುಲಾಮ್ ಯಜ್ದಾನಿ ಈ ಪಾಠ ಕಲಿತಿದ್ದರು ಎಂದು ನನ್ನ ಎಣಿಕೆ. 1930ರಿಂದ 1955ರವರೆಗೆ ನಾಲ್ಕು ಭಾಗಗಳಲ್ಲಿ ಬಂದ ಅವರ ಅಜಂತಾ ಗ್ರಂಥದ ಚಿತ್ರಗಳಿಗೆ ಫೋಟೋವೇ ಆಧಾರ, ಆ ಮಾತನ್ನು ಗ್ರಂಥದ ಹೆಸರಿನಲ್ಲೇ ಸೇರಿಸಿದ್ದಾರೆ. 1947ರಲ್ಲಿ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ ಅವರು ತಂದ ಗ್ರಂಥವನ್ನು ಬೀದರಿಗೆ ಹೋಗುವ ಮೊದಲು ತಿರುವಿಹಾಕಿದರೆ, ಮಹಮೂದ್ ಗವಾನನ ಮದರಸದ ಮುಂದೆ ಎಲ್ಲಿ ನಿಲ್ಲಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಮೂರನೆಯದು ಇಂದಿನವರ ಆಕ್ಷೇಪ, ಎಲ್ಲಕ್ಕಿಂತ ಜೋರಾಗಿ ಕೇಳುವುದೂ ಇದೇ. ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ತೆಗೆದ ಪ್ರತಿ ಚಿತ್ರದೊಳಗೆ ಫೋನ್ ತಾನಾಗಿಯೇ ದಿನ, ಗಂಟೆ, ಬೇಕೆಂದರೆ ಅಕ್ಷಾಂಶ ರೇಖಾಂಶವನ್ನೂ ಬರೆದಿಡುತ್ತದೆ. ಹಾಗಿರುವಾಗ ನಿಂತ ಜಾಗದ ಚಿಂತೆ ಯಾಕೆ? ಬರೆದಿಡುವುದು ನಿಜ. ಆದರೆ ಆ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನ ಹಾಗೆ ಕಳಿಸಿದ ಕ್ಷಣ ಚಿತ್ರ ಕುಗ್ಗುತ್ತದೆ, ಒಳಗೆ ಬರೆದದ್ದೂ ಉದುರಿಹೋಗುತ್ತದೆ. ನಮ್ಮ ಹೆಚ್ಚಿನ ಚಿತ್ರಗಳು ಹೀಗೆ ಕೈಯಿಂದ ಕೈಗೆ ಹೋಗುತ್ತ ಊರು ಕೇರಿ ಕಳೆದುಕೊಂಡು ಬೇರೆಯವರ ಫೋನಿನಲ್ಲಿ ಕೂತಿವೆ. ಇನ್ನೂ ದೊಡ್ಡ ಕಷ್ಟ ಬೇರೆಯಿದೆ. ಸಾವಿರ ಜನ ತೆಗೆದರೂ ಎಲ್ಲರೂ ನಿಲ್ಲುವುದು ಒಂದೇ ಕಡೆ. ಕಲ್ಲಿನ ರಥದ ಮುಂದಿನ ಬದಿ ಕೋಟಿ ಸಲ ಫೋಟೋ ಆಗಿದೆ, ಬೆನ್ನು ಎಷ್ಟು ಜನರ ಹತ್ತಿರ ಇದೆ? ಗರ್ಭಗುಡಿಯ ಹಿಂಗೋಡೆ, ನೀರು ಹೋಗುವ ಸೋಮಸೂತ್ರ, ಸೋರಿ ಕಪ್ಪಾದ ಚಾವಣಿ, ಹುತ್ತ ಹಿಡಿದ ಅಧಿಷ್ಠಾನ, ಇವನ್ನು ಯಾರೂ ಮುಟ್ಟುವುದಿಲ್ಲ. ದುರಸ್ತಿ ಮಾಡುವವನಿಗೆ ಬೇಕಾದದ್ದು ಇವೇ. ಕಟ್ಟಡವನ್ನು ಫೋಟೋಗಳಿಂದಲೇ ಅಳೆಯುವ ವಿದ್ಯೆಯನ್ನು ಜರ್ಮನಿಯ ಮೈಡೆನ್‌ಬಾವರ್ ರೂಪಿಸಿದರು. 1885ರಲ್ಲಿ ಪ್ರಷ್ಯ ಸರ್ಕಾರ ಅದಕ್ಕಾಗಿಯೇ ಒಂದು ಸಂಸ್ಥೆ ತೆರೆಯಿತು. ಇಂದು ಕಂಪ್ಯೂಟರಿನಲ್ಲಿ ಗುಡಿಯ ಮೂರು ಆಯಾಮದ ಮಾದರಿ ಕಟ್ಟುವುದೂ ಅದೇ ತತ್ತ್ವದ ಮೇಲೆ: ಒಂದೇ ಬಿಂದುವನ್ನು ಬೇರೆ ಬೇರೆ ಜಾಗದಿಂದ ನೋಡಿರಬೇಕು. ಒಂದೇ ಜಾಗದಿಂದ ತೆಗೆದ ಸಾವಿರ ಚಿತ್ರ ಆ ಕೆಲಸಕ್ಕೆ ಒಂದೇ ಚಿತ್ರಕ್ಕೆ ಸಮ.

ಹಾಗೆಂದು ಪ್ರವಾಸಿ ಗುಡಿಗೆ ಹೋದಾಗ ಪಂಚನಾಮೆಗೆ ಬಂದವನ ಹಾಗೆ ವರ್ತಿಸಬೇಕೇ, ಸಂಜೆಯ ಬೆಳಕು ಕಂಬದ ಮೇಲೆ ಬಿದ್ದಾಗ ಸಂತೋಷಪಡಬಾರದೇ ಎಂದು ಕೇಳಬಹುದು. ಸಂತೋಷಪಡಲಿ. ಓರೆಯಾಗಿ ಬೀಳುವ ಬೆಳಕಿನಲ್ಲೇ ಸವೆದ ಶಾಸನದ ಅಕ್ಷರ ಎದ್ದು ಕಾಣುವುದು, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅದು ಬರಿಯ ಬಂಡೆ. ಚೆಲುವಿಗೂ ದಾಖಲೆಗೂ ಜಗಳವಿದೆ ಎಂದು ನಾನು ಹೇಳುತ್ತಿಲ್ಲ, ದೀನ್ ದಯಾಳರಲ್ಲಿ ಅವೆರಡೂ ಒಂದೇ ಗಾಜಿನ ಮೇಲೆ ಇವೆ. ಚೆಂದದ ಒಂದು ಚಿತ್ರ ತೆಗೆದಾದ ಮೇಲೆ ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಬಂದು ನಾಲ್ಕು ಮೂಲೆಗಳಿಂದ ನಾಲ್ಕು ಚಿತ್ರ ತೆಗೆದು, ಊರು, ತಾರೀಕು, ದಿಕ್ಕು ಬರೆದಿಡಲು ಹತ್ತು ನಿಮಿಷ ಸಾಕು. ಪ್ರದಕ್ಷಿಣೆ ನಮಗೇನು ಹೊಸದೇ?

ಈ ಹತ್ತು ನಿಮಿಷಕ್ಕೆ ಎಂಥ ಬೆಲೆ ಬರಬಹುದು ಎನ್ನುವುದಕ್ಕೆ ಕೃಷ್ಣೆಯ ಕಣಿವೆ ಸಾಕ್ಷಿ. ಕೃಷ್ಣೆ ತುಂಗಭದ್ರೆ ಕೂಡುವಲ್ಲಿ, ಕೂಡವೆಲ್ಲಿಯಲ್ಲಿದ್ದ ಚಾಲುಕ್ಯರ ಸಂಗಮೇಶ್ವರ ದೇವಾಲಯ ಶ್ರೀಶೈಲ ಜಲಾಶಯದಲ್ಲಿ ಮುಳುಗಬೇಕಾಗಿತ್ತು. ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಜೋಡಿಸಿದರು. ಗುಡಿ ಉಳಿಯಿತು, ಎರಡು ನದಿ ಸೇರುವ ದಡ ಅದರ ಜೊತೆಗೆ ಬರಲಿಲ್ಲ. ಅದಕ್ಕಿಂತ ಹಿಂದೆ, ಕೆಳಗಿನ ನಾಗಾರ್ಜುನಸಾಗರ ಅಣೆಕಟ್ಟಿಗೆ 1955ರ ಡಿಸೆಂಬರಿನಲ್ಲಿ ಅಡಿಗಲ್ಲು ಬಿದ್ದಾಗ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಇದ್ದ ನಾಗಾರ್ಜುನಕೊಂಡ ಕಣಿವೆಯನ್ನು ಅಗೆಯುವ ಕೆಲಸ ಆಗಲೇ ಶುರುವಾಗಿತ್ತು. 1954ರಿಂದ 1960ರವರೆಗೆ ಪುರಾತತ್ತ್ವ ಇಲಾಖೆಯವರು ನೀರು ಏರುವ ಮೊದಲು ಸ್ತೂಪ, ವಿಹಾರ, ನದೀತೀರದ ಘಟ್ಟಗಳನ್ನೆಲ್ಲ ಬಗೆದು ತೆಗೆದರು. ಗ್ರೀಕರ, ರೋಮನರ ನಾಟ್ಯಶಾಲೆಗಳನ್ನು ನೆನಪಿಗೆ ತರುವ, ಸುತ್ತ ಮೆಟ್ಟಿಲಸಾಲಿನ ರಂಗಸ್ಥಳವೊಂದೂ ಅಲ್ಲಿ ಸಿಕ್ಕಿತು. ಕೆಲವನ್ನು ಗುಡ್ಡದ ತಲೆಗೆ, ಕೆಲವನ್ನು ಅನುಪು ಎಂಬಲ್ಲಿಗೆ ಒಯ್ದು ಮತ್ತೆ ಕಟ್ಟಿದರು. ಗುಡ್ಡ ಈಗ ದ್ವೀಪ. ರಂಗಸ್ಥಳದ ಮೆಟ್ಟಿಲುಗಳನ್ನು ಅನುಪುವಿನಲ್ಲಿ ಹತ್ತಬಹುದು. ಆದರೆ ಅದು ಕಣಿವೆಯ ಯಾವ ಕಡೆ ಇತ್ತು, ಅಲ್ಲಿ ಕುಳಿತವರಿಗೆ ಎದುರಿಗೆ ಯಾವ ಬೆಟ್ಟ ಕಾಣುತ್ತಿತ್ತು, ವಿಹಾರ ಎಷ್ಟು ದೂರ, ನದಿ ಎತ್ತ ಎಂದು ತಿಳಿಯಬೇಕಾದರೆ ಆ ಆರು ವರ್ಷಗಳ ನಕ್ಷೆಗಳನ್ನೂ ಫೋಟೋಗಳನ್ನೂ ನೋಡಬೇಕು. ಅವನ್ನು ತೆಗೆದವರು ನಿಂತಿದ್ದ ನೆಲದ ಮೇಲೆಯೇ ಇವತ್ತು ದ್ವೀಪಕ್ಕೆ ಹೋಗುವ ದೋಣಿ ಸಾಗುತ್ತದೆ. ದೋಣಿಯಲ್ಲಿ ಕುಳಿತವರು ದೂರದ ಅಣೆಕಟ್ಟಿನ ಫೋಟೋ ತೆಗೆಯುತ್ತಿರುತ್ತಾರೆ.